ಪಕ್ಕದ ಕ್ಲಾಸಿನ ಚಪ್ಪಾಳೆ

ರಾಕ್ಷಸ ಬಾಯಿ ತೆರೆದಿದ್ದ. ಮೇಲ್ದುಟಿ ಮುಗಿಲಿಗೆ, ಕೆಳದುಟಿ ನೆಲಕ್ಕೆ. ರಾಜಕುಮಾರಿ ಕುದುರೆಯ ಲಗಾಮು ಬಿಗಿಹಿಡಿದು, ಆ ಬಾಯೊಳಗೆ ನುಗ್ಗುವುದೋ ಹಿಂದಕ್ಕೆ ಹೋಗುವುದೋ ಎಂದು ನಿಂತಿದ್ದಳು. ನಾನು ಅಲ್ಲಿಗೆ ಮಾತು ನಿಲ್ಲಿಸಿ ಮಕ್ಕಳ ಮುಖಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿದೆ. ಹೀಗೆ ನಿಲ್ಲಿಸಿದಾಗ ಕ್ಲಾಸಿನಲ್ಲಿ ಹುಟ್ಟುವ ಮೌನಕ್ಕಾಗಿಯೇ ನಾನು ಮೇಷ್ಟರ ಕೆಲಸಕ್ಕೆ ಸೇರಿದ್ದು ಎಂದು ಎಷ್ಟೋ ಸಲ ಅನ್ನಿಸಿದೆ.

ಆಗ ಗೋಡೆಯ ಆಚೆಯಿಂದ ಚಪ್ಪಾಳೆ ಕೇಳಿಸಿತು. ಸುಮ್ಮನೆ ತಟ್ಟುವ ಚಪ್ಪಾಳೆಯಲ್ಲ, ನಗು, ಕೇಕೆ, ಬೆಂಚು ಬಡಿಯುವ ಸದ್ದು ಎಲ್ಲ ಸೇರಿದ್ದು. ನನ್ನ ಮಕ್ಕಳೆಲ್ಲ ಒಟ್ಟಿಗೆ ಗೋಡೆಯ ಕಡೆ ತಿರುಗಿದರು.

"ಮಿಸ್, ಅಂಗೆ ಸ್ಲೈಡ್ ಶೋ," ಅಲ್ಲಿ ಎಂದು ತಮಿಳಿನಲ್ಲಿ ಗೋಡೆ ತೋರಿಸಿದ ಹಿಂದಿನ ಬೆಂಚಿನವನೊಬ್ಬ. ಅಲ್ಲಿ ಏನು ನಡೆಯುತ್ತಿದೆ ಎಂದು ನಾನು ಕೇಳಿಯೇ ಇರಲಿಲ್ಲ.

ರಾಜಕುಮಾರಿಯನ್ನು ರಾಕ್ಷಸನ ಬಾಯಿಗೆ ನುಗ್ಗಿಸಿದೆ. ಯಾರೂ ಹೆದರಲಿಲ್ಲ.

ಮದುವೆಯಾಗಿ ಮಂಡ್ಯದ ಕಡೆಯಿಂದ ಚೆನ್ನೈಗೆ ಬಂದ ಮೇಲೆ ಕೋಯಂಬೇಡಿಗೆ ಹತ್ತಿರದ ಈ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ ಬಂದಿದ್ದೇನೆ. ಶುಕ್ರವಾರದ ಕೊನೆಯ ಪಿರಿಯಡ್ ಕತೆಗೆ ಮೀಸಲು. ಅದು ಟೈಂ ಟೇಬಲ್ಲಿಗೆ ಸೇರಿದ್ದೇ ನನ್ನಿಂದ. ನಮ್ಮಜ್ಜಿ ಅವರೆಕಾಯಿ ಸುಲಿಯುತ್ತ ಹೇಳುತ್ತಿದ್ದ ಕತೆಗಳನ್ನೇ ಇಂಗ್ಲಿಷಿಗೂ ನನ್ನ ಅರೆಬರೆ ತಮಿಳಿಗೂ ತಿರುಗಿಸಿಕೊಂಡು ಹೇಳುತ್ತಿದ್ದೆ. ಬೇರೆ ಸೆಕ್ಷನ್ನಿನ ಮಕ್ಕಳು ಕಿಟಕಿಯಲ್ಲಿ ಬಂದು ನಿಂತು ಕೇಳುತ್ತಿದ್ದರು. ಹಳೆಯ ವಿದ್ಯಾರ್ಥಿಗಳು ಬಸ್ಸಿನಲ್ಲಿ ಸಿಕ್ಕರೆ ಗ್ರಾಮರ್ ವಿಚಾರ ತೆಗೆಯುವುದಿಲ್ಲ, "ಆ ರಾಕ್ಷಸ ಮಿಸ್!" ಎನ್ನುತ್ತಾರೆ. ಅದರ ಮೇಲೆ ನನಗೆ ಸಾಕಷ್ಟು ಜಂಬವಿತ್ತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಹೊಸ ಕಂಪ್ಯೂಟರ್ ಮಿಸ್ ಬಂದಳು. ನನಗಿಂತ ಹತ್ತು ಹದಿನೈದು ವರ್ಷಕ್ಕೆ ಚಿಕ್ಕವಳು, ಯಾವಾಗಲೂ ಕಾಟನ್ ಸೀರೆ, ಹಣೆಯಲ್ಲಿ ಸಣ್ಣ ಬೊಟ್ಟು. ತಲೆಮಾರುಗಳಿಂದ ಇದೇ ಊರಿನಲ್ಲಿ ನೆಲೆಸಿದ ವೈಷ್ಣವರ ಮನೆ. ನಾನು ಫೋನಿನಲ್ಲಿ ನನ್ನ ಗಂಡನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ಸ್ಟಾಫ್ ರೂಮಿನ ಆ ಕಡೆಯಿಂದ ಓಡಿಬಂದಿದ್ದಳು.

"ಅಕ್ಕಾ, ನೀವು ಕನ್ನಡವಾ? ನಮ್ಮ ಮನೇಲೂ ಕನ್ನಡ ದಾನ್! ಆದ್ರೆ ಅಜ್ಜಿ ಹತ್ರ ಮಾತ್ರ ಪೂರಾ ಕನ್ನಡ, ಮಿಕ್ಕವರ ಹತ್ರ ಎಲ್ಲಾ ಮಿಕ್ಸು. ನಾ ಪೇಸಿದ್ರೆ ನೀವು ಸಿರಿಕ್ಕಬಾರದು, ಆಯ್ತಾ?"

ಮಾತಾಡಿದರೆ ನಗಬಾರದು ಎಂದು ಅವಳು ಹೇಳಿದ ರೀತಿಗೇ ನನಗೆ ನಗು ಬಂತು. ಅವಳೂ ನಕ್ಕಳು. ಅವತ್ತು ಮಧ್ಯಾಹ್ನ ತನ್ನ ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧ ನನ್ನ ಮುಚ್ಚಳಕ್ಕೆ ಬಡಿಸಿದಳು. ಅವಳ ಮೇಲೆ ಹೊಟ್ಟೆ ಉರಿಸಿಕೊಳ್ಳಲು ನನಗೆ ಯಾವ ನ್ಯಾಯವಾದ ಕಾರಣವೂ ಇರಲಿಲ್ಲ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ.

ನಾನು ಒಟ್ಟಿಗೆ ಕೂರಿಸಿಕೊಳ್ಳುತ್ತಿದ್ದ ಏಳನೆಯ ತರಗತಿಯ ಎರಡು ಸೆಕ್ಷನ್ನುಗಳಲ್ಲಿ ಒಂದರ ಕತೆ ಪಿರಿಯಡನ್ನು ಹೆಡ್ ಮಿಸ್ ಅವಳಿಗೆ ಕೊಟ್ಟರು. "ನಿಮಗೂ ಕೊಂಚ ರೆಸ್ಟ್ ಆಗುತ್ತೆ," ಎಂದರು ನನಗೆ. ನನಗೆ ರೆಸ್ಟ್ ಬೇಕಿರಲಿಲ್ಲ. ಅದೂ ಅಲ್ಲದೆ ಆ ಸೆಕ್ಷನ್ನಿನಲ್ಲಿ ನನ್ನ ಮಗಳಿದ್ದಳು.

ಕಂಪ್ಯೂಟರ್ ಮಿಸ್ಸಿನ ಪದ್ಧತಿ ಇಷ್ಟೇ. ಮಿಸ್ ಕತೆ ಹೇಳುವುದಿಲ್ಲ, ಮಕ್ಕಳೇ ಹೇಳಬೇಕು. ಮನೆಯ ಫೋನಿನಲ್ಲಿ ತಾವೇ ತೆಗೆದ ಕೆಲವು ಫೋಟೋ ತರಬೇಕು, ಕ್ಲಾಸಿನ ಕಂಪ್ಯೂಟರಿನಲ್ಲಿ ಅವನ್ನು ಹಿಂದುಮುಂದು ಜೋಡಿಸಬೇಕು, ಒಂದೊಂದಕ್ಕೂ ತಮ್ಮ ದನಿಯಲ್ಲಿ ಮಾತು ತುಂಬಬೇಕು. ಮೊದಲು ಮನೆಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಸಿದ್ಧವಾದದ್ದನ್ನು ಶುಕ್ರವಾರ ಗೋಡೆಯ ದೊಡ್ಡ ಸ್ಕ್ರೀನಿನ ಮೇಲೆ ಹಾಕುತ್ತಿದ್ದಳು. ಫೋಟೋ ತೋರಿಸುವುದೂ ಒಂದು ಕತೆಯೇ? ಎಂದು ನನಗೆ ನಾನೇ ಅಂದುಕೊಂಡೆ. ಮದುವೆ ಆಲ್ಬಮ್ ತಿರುವಿದ ಹಾಗೆ ಇರುತ್ತದೆ, ಬಿಡು.

ಮುಂದಿನ ಶುಕ್ರವಾರ ನನ್ನ ಮಕ್ಕಳಿಗೆ ಏನೋ ಬರೆಯಲು ಕೊಟ್ಟು, ಡಸ್ಟರ್ ಕೇಳುವ ನೆಪದಲ್ಲಿ ಪಕ್ಕದ ಕ್ಲಾಸಿಗೆ ಹೋದೆ. ದೀಪ ಆರಿಸಿದ್ದರು. ಸ್ಕ್ರೀನಿನ ಮೇಲೆ ಒಂದು ಖಾಲಿ ತಟ್ಟೆ. ಒಂದು ಹುಡುಗಿಯ ದನಿ ತಮಿಳಿನಲ್ಲಿ ಹೇಳುತ್ತಿತ್ತು: ನಮ್ಮ ಮನೆಗೆ ದಿನಾ ಒಬ್ಬರು ಊಟಕ್ಕೆ ಬರುತ್ತಾರೆ, ಬೆಲ್ ಮಾಡುವುದಿಲ್ಲ. ಫೋಟೋ ಬದಲಾಯಿತು, ಕಾಂಪೌಂಡ್ ಗೋಡೆ. ಅವರು ಈ ದಾರಿಯಲ್ಲಿ ಬರುತ್ತಾರೆ. ಮತ್ತೆ ಬದಲಾಯಿತು, ಪಕ್ಕದ ಮನೆಯ ಅಡಿಗೆಮನೆ, ಅಲ್ಲೂ ಒಂದು ಖಾಲಿ ತಟ್ಟೆ. ಅವರು ಅಲ್ಲೂ ಊಟ ಮಾಡುತ್ತಾರೆ, ಆದರೆ ನಮಗೆ ಹೇಳಿಲ್ಲ. ಅಲ್ಲಿ ಅವರಿಗೆ ತೆಲುಗಿನಲ್ಲಿ ಬೇರೆ ಹೆಸರು. ಮಹಡಿ ಮನೆಯಲ್ಲಿ ಹಿಂದಿಯಲ್ಲಿ ಇನ್ನೊಂದು ಹೆಸರು. ಹೀಗೆ ಒಂದೊಂದಾಗಿ ತಟ್ಟೆಗಳು ಬಂದವು. ಕೊನೆಯಲ್ಲಿ ಗೋಡೆಯ ಆಚೆಗೆ ಇಳಿಯುತ್ತಿರುವ ಒಂದು ಬೆಕ್ಕಿನ ಬಾಲ ಮಾತ್ರ ಕಂಡಿತು. "ನಮ್ಮ ಮನೇಲಿ ಊಟ ಚೆನ್ನಾಗಿಲ್ಲ ಅನ್ನಿಸುತ್ತೆ," ಎಂದಿತು ದನಿ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕುಬಿಟ್ಟಿದ್ದೆ. ದೀಪ ಹಾಕಿದಾಗ ಎದ್ದು ನಿಂತ ಹುಡುಗಿಯನ್ನು ನೋಡಿದೆ. ಹಿಂದಿನ ವರ್ಷವೆಲ್ಲ ನನ್ನ ಕ್ಲಾಸಿನಲ್ಲಿ ಕೂತಿದ್ದವಳು. ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ಪೆನ್ಸಿಲ್ ಕಚ್ಚುವವಳು. ಅವಳ ದನಿ ಹೇಗಿದೆ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಡಸ್ಟರ್ ಹಿಡಿದು ಹೊರಗೆ ಬಂದೆ. ಕೇಳುವವರನ್ನು ಕಾಯಿಸುವುದು, ಮುಖ್ಯವಾದದ್ದನ್ನು ಕೊನೆಯವರೆಗೆ ಬಚ್ಚಿಡುವುದು, ಇದೆಲ್ಲ ನನ್ನ ವಿದ್ಯೆ ಅಂದುಕೊಂಡಿದ್ದೆ. ನನ್ನ ಕೈಯಲ್ಲಿ ವರ್ಷವೆಲ್ಲ ಬಾಯಿ ಬಿಡದ ಹುಡುಗಿಗೆ ಅದನ್ನು ಕಂಪ್ಯೂಟರ್ ಮಿಸ್ ಕೆಲವೇ ವಾರಗಳಲ್ಲಿ ಬರುವಂತೆ ಮಾಡಿದ್ದಳು. ಮಗುವಿಗೆ ಮಾತು ಬಂತಲ್ಲ ಎಂದು ಖುಷಿಪಡಬೇಕಿತ್ತು. ಯಾಕೆ ನನ್ನ ಹತ್ತಿರ ಬರಲಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಅವಳಿಗೆ ಬರುವುದು ನನಗೆ ಬರದೇ ಇರುತ್ತದೆಯೇ ಎಂಬ ಹಟ ಹುಟ್ಟಿತು. ರಾಕ್ಷಸನ ಕತೆಗೇ ಸ್ಲೈಡ್ ಶೋ ಮಾಡಲು ಕೂತೆ. ಇಂಟರ್ನೆಟ್ಟಿನಿಂದ ಕಾಡು, ಕೋಟೆ, ಕುದುರೆ ಎಲ್ಲ ಹುಡುಕಿ ತೆಗೆದೆ. ರಾಕ್ಷಸನಿಗೆ ಮಾತ್ರ ಬಹಳ ಹೊತ್ತು ಹುಡುಕಬೇಕಾಯಿತು. ಕೊನೆಗೆ ಕೋರೆಹಲ್ಲಿನ ಒಬ್ಬ ಸಿಕ್ಕ. ಶುಕ್ರವಾರ ದೀಪ ಆರಿಸಿ ಅವನನ್ನು ಸ್ಕ್ರೀನಿನ ಮೇಲೆ ಬಿಟ್ಟೆ.

ಮಕ್ಕಳು ಸುಮ್ಮನೆ ನೋಡಿದರು. ಮುಂದಿನ ಬೆಂಚಿನವಳು ಬಹಳ ಮರ್ಯಾದೆಯಿಂದ ಕೇಳಿದಳು: "ಮಿಸ್, ರಾಕ್ಷಸ ಇವ್ವಳವು ದಾನಾ?"

ಇಷ್ಟೇನಾ ಎಂದು. ಅವರ ತಲೆಯೊಳಗೆ ಮುಗಿಲು ಮುಟ್ಟಿದ್ದವನನ್ನು ನಾನೇ ಗೋಡೆಯಳತೆಗೆ ಕತ್ತರಿಸಿ ತಂದಿದ್ದೆ. ಒಬ್ಬ ಹುಡುಗ, ಈ ಚಿತ್ರ ಯಾವುದೋ ಗೇಮಿನದು, ನನ್ನ ಅಣ್ಣನ ಫೋನಿನಲ್ಲಿದೆ ಎಂದ. ಮಿಕ್ಕ ಪಿರಿಯಡ್ ಎಲ್ಲರೂ ಆ ಗೇಮಿನ ವಿಚಾರವೇ ಮಾತಾಡಿದರು. ಮಧ್ಯೆ ಎಲ್ಲೋ ಕಂಪ್ಯೂಟರ್ ಮಿಸ್ ಬಾಗಿಲಲ್ಲಿ ಇಣುಕಿ, "ಏನಾದ್ರೂ ಹೆಲ್ಪ್ ವೇಣುಮಾ ಅಕ್ಕಾ?" ಎಂದು ಕೇಳಿ ಹೋದಳು. ಅವತ್ತು ಮಧ್ಯಾಹ್ನದ ಊಟದ ಹೊತ್ತಿಗೇ ಅವಳ ಡಬ್ಬಿಯ ಮೊಸರನ್ನ ತಿಂದಿದ್ದೆನಲ್ಲ ಎಂದು ಬೇಜಾರಾಯಿತು.

ಇತ್ತ ಮನೆಯಲ್ಲಿ ಮಗಳು ತನ್ನ ಸ್ಲೈಡ್ ಶೋ ತಯಾರಿಯಲ್ಲಿದ್ದಳು. ಅವಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಚೆನ್ನೈನಲ್ಲೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. "ಉಂಡ್ಯಾ ಮಗ?" ಎಂದರೆ "ಸಾಪ್ಟೇನ್ ಮಾ" ಎನ್ನುತ್ತಾಳೆ. ಬೈದು, ಮುದ್ದು ಮಾಡಿ, ಕನ್ನಡದಲ್ಲಿ ಕೇಳಿದರೆ ಮಾತ್ರ ದೋಸೆ ಎಂದು ಹೆದರಿಸಿ ನೋಡಿ ನಾನು ಎಂದೋ ಕೈಬಿಟ್ಟಿದ್ದೆ. ಅವಳಿಗೆ ಅರ್ಥವಾಗುತ್ತದಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ.

"ಯಾವುದರ ಮೇಲೆ ಮಾಡ್ತಿದ್ದೀಯೆ?" ಎಂದು ಕೇಳಿದೆ.

"ಸೀಕ್ರೆಟ್ ಮಾ. ಮಿಸ್ಸುಕ್ಕು ಮಟ್ಟುಂ ತೆರಿಯುಂ."

ಮಿಸ್ಸಿಗೆ ಮಾತ್ರ ಗೊತ್ತು. ಶಾಲೆಯಲ್ಲಿ ಊಟ ಮುಗಿಸಿ ನಾನು ವರಾಂಡದಲ್ಲಿ ಹೋಗುವಾಗ ಕಂಪ್ಯೂಟರ್ ರೂಮಿನ ಗಾಜಿನ ಆಚೆ ಅವರಿಬ್ಬರೂ ಒಂದೇ ಸ್ಕ್ರೀನಿಗೆ ತಲೆ ತಾಗಿಸಿ ಕೂತಿರುತ್ತಿದ್ದರು. ಮಗಳು ಏನೋ ಹೇಳುತ್ತಿದ್ದಳು, ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಒಂದು ದಿನ ಮಗಳ ಸಡಿಲಾದ ಜಡೆಯನ್ನು ಅವಳು ಬಿಚ್ಚಿ ಮತ್ತೆ ಹೆಣೆಯುತ್ತಿದ್ದುದನ್ನು ನೋಡಿದೆ. ಬೆಳಗ್ಗೆ ಆ ಜಡೆ ಹಾಕಿದ್ದು ನಾನು. ಮನೆಗೆ ಬಂದ ಮೇಲೆ ಅದನ್ನು ಬಿಚ್ಚಿ, ಎಣ್ಣೆ ಹಚ್ಚುವ ನೆಪದಲ್ಲಿ ಬಾಚಿ, ಬಿಗಿಯಾಗಿ ಹೆಣೆದೆ. "ವಲಿಕ್ಕುದು ಮಾ," ನೋಯುತ್ತದೆ ಎಂದಳು. "ಸುಮ್ನಿರು, ಸಡಿಲ ಹಾಕಿದ್ರೆ ಸಂಜೆಗಂಟ ನಿಲ್ಲಲ್ಲ," ಎಂದೆ.

ನನ್ನ ಗಂಡನನ್ನು ಕೇಳಿದರೆ ಅವರೂ ಬಾಯಿ ಬಿಡಲಿಲ್ಲ. ವಾರವೆಲ್ಲ ಊರಿನ ಆ ತುದಿಯ ಪೆರುಂಗುಡಿಯ ಆಫೀಸಿಗೆ ಹೋಗಿಬರುವುದರಲ್ಲೇ ಅವರ ಹಗಲು ಕಳೆಯುತ್ತದೆ. ಭಾನುವಾರ ಬೆಳಗ್ಗೆ ಮಾತ್ರ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೋಯಂಬೇಡಿಗೆ ತರಕಾರಿಗೆ ಹೋಗುತ್ತಾರೆ. ನಮ್ಮ ಮೂವರಿಗೆ ಅಷ್ಟು ದೊಡ್ಡ ಮಾರ್ಕೆಟ್ ಯಾಕೆ ಬೇಕು ಎಂದು ನಾನು ಬೈಯುತ್ತಿರುತ್ತೇನೆ. ವಾರಕ್ಕೆ ಒಂದೇ ದಿನ ಹೊತ್ತೇರುವವರೆಗೆ ಮಲಗುವ ಭಾಗ್ಯ ನನ್ನದು. ಅವರು ಬರುವ ಹೊತ್ತಿಗೆ ಎದ್ದು ಕಾಫಿಗೆ ಇಟ್ಟಿರುತ್ತೇನೆ.

"ಮಗೂದು ಏನು ಸ್ಲೈಡ್ ಶೋ, ನಿಮ್ಗೆ ಗೊತ್ತಾ?"

"ನಂಗೇನು ಗೊತ್ತು? ಫೋನ್ ಈಸ್ಕೊತಾಳೆ, ಕೊಡ್ತೀನಿ," ಎಂದು ಪೇಪರಿನ ಹಿಂದೆ ಮುಖ ಅಡಗಿಸಿದರು. ಅವರಿಗೆ ಎಲ್ಲ ಗೊತ್ತಿತ್ತು.

ದೀಪಾವಳಿ ರಜೆಗೆ ಮುಂಚೆ ಒಂದು ಶನಿವಾರ ತಂದೆತಾಯಿಯರನ್ನು ಶಾಲೆಯ ದೊಡ್ಡ ಹಾಲಿಗೆ ಕರೆದು ಸ್ಲೈಡ್ ಶೋಗಳನ್ನು ತೋರಿಸುವ ಏರ್ಪಾಡಾಯಿತು. ಟೀಚರುಗಳ ಸಾಲಿನಲ್ಲಿ ಕೂರಬೇಕಾದವಳು ನಾನು, ಗಂಡನ ಪಕ್ಕ ತಂದೆತಾಯಿಯರ ಸಾಲಿನಲ್ಲಿ ಕೂತೆ. ಐದಾರು ಮಕ್ಕಳದ್ದು ಮುಗಿದ ಮೇಲೆ ಮಗಳದ್ದು ಬಂತು.

ಸ್ಕ್ರೀನಿನ ಮೇಲೆ ಕೋಯಂಬೇಡು ತುಂಬಿಕೊಂಡಿತು. ಲಾರಿಯಿಂದ ಇಳಿಯುತ್ತಿರುವ ಎಲೆಕೋಸಿನ ಮೂಟೆಗಳು, ಕಾಲಡಿಯಲ್ಲಿ ಅರೆದುಹೋದ ಸೊಪ್ಪು, ಕೆಸರಿನಲ್ಲಿ ಅಪ್ಪನ ಚಪ್ಪಲಿ. ಆಮೇಲೆ ದನಿ. ಮಗಳದೇ ದನಿ, ಆದರೆ ಒಂದು ಕ್ಷಣ ನನಗೆ ಗುರುತು ಸಿಗಲಿಲ್ಲ, ಯಾಕೆಂದರೆ ಅದು ಕನ್ನಡದಲ್ಲಿತ್ತು.

"ಅಪ್ಪಾವೂ ನಾನೂ ಸಂಡೇ ಸಂಡೇ ಕೋಯಂಬೇಡಿಗೆ ಹೋಗ್ತೇವೆ. ಅಪ್ಪಾಗೆ ಆಫೀಸಲ್ಲಿ ಯಾರೂ ಪಯಪ್ಪಡೋದಿಲ್ಲೆ. ಇಲ್ಲಿ ತಕ್ಕಾಳಿಕಾರರು ಕೂಡ ಪಯಪ್ಪಡ್ತಾರೆ. ಯಾಕೆ ಅಂದ್ರೆ ಅಪ್ಪ ಒಂದೊಂದು ತಕ್ಕಾಳಿಯೂ ತಿರುಗ್ಸಿ ತಿರುಗ್ಸಿ ಪಾರ್ತು, ಆಮೇಲೆ ಬೇಡ ಅಂತಾರೆ."

ಟೊಮೇಟೊ ಮಾರುವವರೂ ಹೆದರುವ ಅಪ್ಪ ಎಂದು ಹಾಲಿನ ತುಂಬ ನಗು ಹರಡಿತು. ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ. ಅರ್ಧ ತಮಿಳು, ಮಿಕ್ಕಿದ್ದನ್ನು ಫೋಟೋ ಹೇಳುತ್ತಿತ್ತು. ನನ್ನ ಗಂಡ ನಾಚಿಕೆಯಿಂದ ಕುರ್ಚಿಯಲ್ಲಿ ಕುಗ್ಗಿದ್ದರು, ಕಣ್ಣು ಮಾತ್ರ ಹೊಳೆಯುತ್ತಿತ್ತು.

ನಾನು ಕೇಳುತ್ತಿದ್ದದ್ದು ಬೇರೆಯದನ್ನು. ಮಾತಿಗೊಮ್ಮೆ ಕೊನೆಯಲ್ಲಿ ಏರುವ ರಾಗ, "ಇಲ್ಲೆ" ಎಂದು ಎಳೆಯುವುದು, ನೋಡಿ ಎನ್ನುವ ಕಡೆ "ಪಾರ್ತು" ಎಂದು ಸಿಕ್ಕಿಹಾಕಿಕೊಂಡ ತಮಿಳು. ಇದು ನನ್ನ ಕನ್ನಡವಾಗಿರಲಿಲ್ಲ. ನಮ್ಮಜ್ಜಿಯದೂ ಅಲ್ಲ, ಮಂಡ್ಯದ್ದೂ ಅಲ್ಲ. ಅದು ಕಂಪ್ಯೂಟರ್ ಮಿಸ್ಸಿನ ಕನ್ನಡ, ಅಚ್ಚೊತ್ತಿದ ಹಾಗೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಕೊನೆಗೂ ನನ್ನ ಭಾಷೆ ಆಡಿದಳು, ಇನ್ನೊಬ್ಬಳ ಬಾಯಿಂದ ಕಲಿತು.

ಫೋಟೋಗಳಲ್ಲಿ ನನ್ನನ್ನು ಹುಡುಕಿದೆ. ತಕ್ಕಡಿಯ ಮುಂದೆ ಬದನೆಕಾಯಿ ರಾಶಿ, ಅಪ್ಪನ ಬೆನ್ನು, ಇಡ್ಲಿ ಅಂಗಡಿಯ ಆವಿ, ಸ್ಕೂಟರಿನ ಹ್ಯಾಂಡಲ್ಲಿಗೆ ತೂಗುಬಿದ್ದ ಚೀಲ. ಎಲ್ಲೂ ನಾನಿಲ್ಲ. ಕೊನೆಗೆ ಮುಚ್ಚಿದ ಒಂದು ಬಾಗಿಲು ಬಂತು. ನಮ್ಮ ಮಲಗುವ ಕೋಣೆಯ ಬಾಗಿಲು.

"ಮಾರ್ಕೆಟ್ಟಲ್ಲಿ ಅಪ್ಪ ತೂಗಿಸ್ತಾರೆ," ಎಂದಳು ಮಗಳು. ನಿಲ್ಲಿಸಿದಳು. ಬಾಗಿಲು ಹಾಗೇ ಇತ್ತು. ಎಲ್ಲರೂ ಕಾದರು. "ಮನೇಲಿ ಅಮ್ಮ ತೂಂಗ್ತಾರೆ."

ತಮಿಳಿನಲ್ಲಿ ತೂಂಗುವುದೆಂದರೆ ನಿದ್ದೆ ಮಾಡುವುದು. ಹಾಲೆಲ್ಲ ಕೈತಟ್ಟಿ ನಕ್ಕಿತು. ಹಿಂದಿನ ಸಾಲಿನ ಯಾರೋ ನನ್ನ ಭುಜ ತಟ್ಟಿದರು. ನಾನೂ ಹಲ್ಲು ಕಿರಿದೆ. ಮುಂದಿನ ಸಾಲಿನಲ್ಲಿ ಕಂಪ್ಯೂಟರ್ ಮಿಸ್ ಹಿಂದಕ್ಕೆ ತಿರುಗಿ ನನ್ನ ಮುಖ ಹುಡುಕುತ್ತಿದ್ದಳು. ನಾನು ಪರ್ಸಿನೊಳಗೆ ಏನೋ ತಡಕಾಡತೊಡಗಿದೆ.

ಎಲ್ಲ ಮುಗಿದ ಮೇಲೆ ಅವಳೇ ಬಂದಳು.

"ಅಕ್ಕಾ, ಕೋಪಾನಾ? ಆ ತೂಂಗೋ ಜೋಕು ಅವಳದೇ. ನಾ ಬೇಡ ಅಂದೆ, ಅಮ್ಮಾಗೆ ಬೇಜಾರಾಗುತ್ತೆ ಅಂತ. ಕೇಳಲಿಲ್ಲೆ."

"ಚೆನ್ನಾಗಿತ್ತು," ಎಂದೆ.

"ಅಲ್ಲಿ ನಿಲ್ಲಿಸಿದಳಲ್ಲಾ, ಅದು ನಾ ಹೇಳಿಕೊಟ್ಟಿದ್ದಿಲ್ಲೆ ಅಕ್ಕಾ. ಬೇಗ ಬೇಗ ಮುಗಿಸು, ಫೋಟೋ ನಿಂತರೆ ಬೋರಾಗುತ್ತೆ ಅಂತಲೇ ನಾ ಹೇಳಿದ್ದು. 'ನಮ್ಮಮ್ಮ ಹೀಗೇ ನಿಲ್ಲಿಸ್ತಾರೆ' ಅಂದಳು."

ಅದನ್ನು ಕೇಳಿ ನನ್ನ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ನನ್ನದು ನನ್ನ ಮಗಳಲ್ಲಿ ಇದೆ ಎಂದು ಇವಳು ಬಂದು ಹೇಳಬೇಕಾಯಿತಲ್ಲ ಎನ್ನಿಸಿತು. ನನ್ನ ಪಾಲಿನದನ್ನೂ ಇವಳ ಕೈಯಿಂದ ಇಸಿದುಕೊಂಡ ಹಾಗಾಯಿತು.

"ನಿಮ್ಮ ಹತ್ರ ಒಂದು ಹೇಳಬೇಕು," ಎಂದಳು ಅವಳು, ದನಿ ತಗ್ಗಿಸಿ. "ನನಗೆ ನಿಮ್ಮ ಮೇಲೆ ಪೊರಾಮೆ. ಶುಕ್ರವಾರ ನಿಮ್ಮ ಕ್ಲಾಸಿಂದ ಸದ್ದೇ ಬರೋದಿಲ್ಲೆ. ಪಿನ್ ಬಿದ್ರೆ ಕೇಳುತ್ತೆ. ನನ್ನ ಕ್ಲಾಸು ಪಸಂಗ ಸ್ಕ್ರೀನ್ ನೋಡ್ತಾರೆ. ನನ್ನ ಯಾರೂ ನೋಡೋದಿಲ್ಲೆ."

ಹೊಟ್ಟೆಕಿಚ್ಚಿಗೆ ತಮಿಳರು ಪೊರಾಮೆ ಎನ್ನುತ್ತಾರೆ. ಆ ಮಾತನ್ನು ಬಿಡಿಸಿದರೆ ಹೊರಲಾಗದ್ದು, ತಾಳಲಾಗದ್ದು ಎಂದಾಗುತ್ತದೆ. ನಾವು ಬೆಂಕಿ ಎನ್ನುತ್ತೇವೆ, ಅವರು ಭಾರ ಎನ್ನುತ್ತಾರೆ. ಅವಳು ಆ ಭಾರವನ್ನು ಎಷ್ಟು ಸುಲಭವಾಗಿ ನನ್ನ ಮುಂದೆ ಇಳಿಸಿದಳು! "ನನಗೂ ಅಷ್ಟೇ, ನಿಮ್ಮ ಮೇಲೆ" ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ಮುಂದಿನ ಶುಕ್ರವಾರ ನಿಮ್ಮ ಮಕ್ಕಳನ್ನೂ ಕರ್ಕೊಂಡು ಬಂದು ಕೂತ್ಕೊಳ್ಳಿ ನನ್ನ ಕ್ಲಾಸಲ್ಲಿ, ಅದಕ್ಕೇನಂತೆ." ಅವಳ ಮುಖ ಅರಳಿತು.

ಮನೆಗೆ ಬಂದ ಮೇಲೆ ಅಡಿಗೆಮನೆಯಲ್ಲಿ ಮಗಳನ್ನು ಹಿಡಿದು ಕೇಳಿದೆ. ಬೈಯುವ ದನಿಯಲ್ಲಿ ಅಲ್ಲ ಎಂದು ನಾನಂದುಕೊಂಡಿದ್ದೆ.

"ಮಿಸ್ ಹತ್ರ ಕನ್ನಡ ಮಾತಾಡ್ತೀಯ. ನನ್ ಹತ್ರ ಯಾಕಿಲ್ಲ?"

ಮಗಳು ಫ್ರಿಜ್ಜಿನ ಬಾಗಿಲು ಹಿಡಿದು ನಿಂತಳು. "ನೀ ಸಿರಿಪ್ಪೆ," ಎಂದಳು.

ನೀನು ನಗುತ್ತೀಯ. ಅಷ್ಟೇ ಉತ್ತರ. ಆಮೇಲೆ ಇನ್ನೂ ಸ್ವಲ್ಪ ಸೇರಿಸಿದಳು, ತಮಿಳಿನಲ್ಲೇ: ಮಿಸ್ಸೂ ತಪ್ಪು ಮಾತಾಡುತ್ತಾರೆ, ನಾನೂ ತಪ್ಪು ಮಾತಾಡುತ್ತೇನೆ, ಅದಕ್ಕೇ ಅಲ್ಲಿ ಜಾಲಿಯಾಗಿರುತ್ತದೆ.

ಮರುದಿನ ಭಾನುವಾರ. ಸ್ಕೂಟರಿನ ಸದ್ದಾಗುವ ಮೊದಲೇ ಎದ್ದು ಸೀರೆ ಉಟ್ಟು ಬಾಗಿಲಲ್ಲಿ ನಿಂತೆ. ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಒಂದು ಸ್ಕೂಟರಿನಲ್ಲಿ ಮೂರು ಜನ ಆಗುವುದಿಲ್ಲ. ಕೊನೆಗೆ ಅವರು ಚೀಲಗಳ ಜೊತೆ ಸ್ಕೂಟರಿನಲ್ಲಿ ಹೋದರು, ನಾನೂ ಮಗಳೂ ಬಸ್ಸಿನಲ್ಲಿ.

ಮಾರ್ಕೆಟ್ಟಿನಲ್ಲಿ ನಾನು ಹೊರಗಿನವಳಾಗಿದ್ದೆ. ಯಾವ ಸಾಲಿನಲ್ಲಿ ನುಗ್ಗೆಕಾಯಿ, ಯಾವ ಮೂಲೆಯಲ್ಲಿ ಜಾರುತ್ತದೆ, ತಲೆಯ ಮೇಲೆ ಮೂಟೆ ಹೊತ್ತವರು "ವಳಿ ವಳಿ" ಎಂದು ಕೂಗಿದರೆ ಯಾವ ಕಡೆ ಸರಿಯಬೇಕು, ಎಲ್ಲ ಅವರಿಬ್ಬರಿಗೆ ಗೊತ್ತಿತ್ತು. ಒಬ್ಬರು ಹೇಳುವ ಮೊದಲೇ ಇನ್ನೊಬ್ಬರು ಚೀಲ ಚಾಚುತ್ತಿದ್ದರು. ನಾನು ಹಿಂದೆ ಹಿಂದೆ, ಸೆರಗು ಎತ್ತಿ ಹಿಡಿದುಕೊಂಡು. ನನ್ನ ಗಂಡ ಟೊಮೇಟೊ ತಿರುಗಿಸಿ ತಿರುಗಿಸಿ ನೋಡಿದರು. ಬೇಡ ಎಂದರು. ಮಗಳು ಅಪ್ಪನ ಹಿಂದಿನಿಂದ ನನಗೆ ಕಣ್ಣು ಹೊಡೆದಳು.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಅವಳಿಗೇ ಕೊಟ್ಟೆ. ಸ್ವಲ್ಪ ದೂರ ಹೋದ ಮೇಲೆ ಅವಳು ಹೊರಗೆ ನೋಡುತ್ತಲೇ ಶುರುಮಾಡಿದಳು, "ಅಮ್ಮಾ, ನೆಕ್ಸ್ಟ್ ಸ್ಲೈಡ್ ಶೋ ಮಿಸ್ಸೋಡ ಅಜ್ಜಿ ಮೇಲೆ ಮಾಡಬೇಕು ಅಂತ ಇದ್ದೇನೆ. ಅವರ ಮನೇಲಿ ಪಳೇ ಊಂಜಲ್ ಇದೆ. ಅಜ್ಜಿ ಅದರ ಮೇಲೆ ಕೂತ್ಕೊಂಡು ಎಲ್ಲಾರನ್ನೂ ತಿಟ್ಟುತಾರಂತೆ."

ಮಿಸ್ಸಿನ ಅಜ್ಜಿ, ಹಳೆಯ ಉಯ್ಯಾಲೆ, ಬೈಯುತ್ತಾರೆ ಎಂದು ತಿದ್ದಲು ನಾಲಿಗೆಯ ತುದಿಗೆ ಬಂತು. ನಾಲಿಗೆ ಕಚ್ಚಿಕೊಂಡೆ. ನಗು ಕೂಡ ಬಂತು, ಅದನ್ನೂ ನುಂಗಿದೆ.

"ಬರೋ ಸಾಟರ್ಡೇ ಮಿಸ್ ಮನೆಗೆ ಹೋಗಲಾ? ಪೂರಾ ದಿನ?"

ಅಜ್ಜಿ ಇರುವ ಮನೆ, ಉಯ್ಯಾಲೆ, ಪೂರಾ ಕನ್ನಡ. ಜಡೆ ಬಿಚ್ಚಿ ಹೆಣೆಯಲು ದಿನವೆಲ್ಲ ಬಿಡುವು. ಎದೆಯೊಳಗೆ ಅದೇ ಹಳೆಯದು ಹೊತ್ತಿಕೊಂಡಿತು, ಏನೂ ಕಡಿಮೆಯಾಗಿರಲಿಲ್ಲ. ಮಗಳು ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೋಗು," ಎಂದೆ. "ಆದ್ರೆ ಊಟಕ್ಕೆ ಮನೆಗ್ ಬಾ."

"ಅಮ್ಮಾ!"

"ಸರಿ, ಊಟ ಅಲ್ಲೇ ಮಾಡು. ಕಾಫಿ ಹೊತ್ತಿಗೆ ಬಂದ್ಬಿಡು."

ಅವಳು ಸ್ವಲ್ಪ ಯೋಚಿಸಿ, "ಸರಿ, ಬರ್ತೇನೆ," ಎಂದಳು, ಪೂರಾ ಕನ್ನಡದಲ್ಲಿ.